ಮೂವತ್ತನೆಯ ಜರಡಿ

ಮಾರ್ಚ್ ಹದಿನೇಳು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಮೇಜಿನ ಮೇಲೆ ನಾಲ್ಕು ಇಂಜೆಕ್ಟರುಗಳು, ಯಂತ್ರದಲ್ಲಿ ನಾಲ್ಕು ಗಾಜಿನ ಕೊಳವೆಗಳು, ಕೋಣೆಯಲ್ಲಿ ನಾಲ್ಕು ಜನ. ಇನ್‌ಸ್ಪೆಕ್ಟರು ಕೊಟ್ಟ ಕಾಲ ಅರವತ್ತು ನಿಮಿಷ. ಅರಗಿನ ಮುದ್ರೆಯನ್ನು ಒಡೆದು, ಒಡೆದದ್ದನ್ನು ಬರೆದುಕೊಳ್ಳುವುದರಲ್ಲಿ ಅದರಲ್ಲಿ ಐದು ಕಳೆದಿದ್ದವು.

"ಐವತ್ತೈದು ಉಳಿದಿದೆಯಮ್ಮ," ಎಂದರು ಇನ್‌ಸ್ಪೆಕ್ಟರು.

"ಸಾಕು ಸಾರ್," ಎಂದಳು ಅಕ್ಕ.

ಊರಿಗೆಲ್ಲ ಅವಳು ಪಿಚಕಾರಿ ಅಕ್ಕ. ಇಂಜೆಕ್ಟರೆಂದರೆ ಕೊನೆಗೂ ಒಂದು ಪಿಚಕಾರಿಯೇ. ಬೆರಳುದ್ದದ ಲೋಹದ ಕೊಳವೆ, ಒಂದು ತುದಿಯಲ್ಲಿ ಪೆಟ್ರೋಲನ್ನು ಕುಡಿದು ಇನ್ನೊಂದು ತುದಿಯಲ್ಲಿ ಮಂಜಿನಂತೆ ಎಂಜಿನ್ನಿನೊಳಕ್ಕೆ ಉಗುಳುವಂಥದು. ಹತ್ತೊಂಬತ್ತು ವರ್ಷಗಳಿಂದ ಅವಳು ಅವುಗಳನ್ನು ತೊಳೆಯುತ್ತಿದ್ದಳು, ಅಳೆಯುತ್ತಿದ್ದಳು. ಇಷ್ಟು ಕಾಲ ಅವಳು ಅಳೆದದ್ದು ಬರೀ ಎಂಜಿನ್ನುಗಳ ಆರೋಗ್ಯವನ್ನು. ಇಂದು ಅಳೆಯಬೇಕಾದದ್ದು ಒಡಹುಟ್ಟಿದವನ ಹಣೆಬರಹ.

ಹನ್ನೆರಡು ದಿನಗಳ ಹಿಂದೆ, ಕನ್ನಡಕದ ಗಾಜು ಅರೆಯುವ ಕಾರ್ಖಾನೆಯ ಯಜಮಾನರ ಕಾರು ಸೇತುವೆಯ ಏರಿನಲ್ಲಿ ನಿಂತುಹೋಗಿ, ಹಿಂದಿನಿಂದ ಬಂದ ಲಾರಿ ಗುದ್ದಿ ಅವರು ಅಲ್ಲಿಯೇ ತೀರಿಕೊಂಡಿದ್ದರು. ಅದಕ್ಕೆ ಐದು ದಿನ ಮೊದಲು ಆ ಕಾರಿನ ಇಂಜೆಕ್ಟರುಗಳನ್ನು ತೊಳೆದವನು ಅಕ್ಕನ ತಮ್ಮ. ನಿನ್ನೆ ಸಂಜೆಯಿಂದ ಅವನು ಲಾಕಪ್ಪಿನಲ್ಲಿದ್ದ. ಇಂದು ಮಧ್ಯಾಹ್ನ ಮೂರಕ್ಕೆ ನ್ಯಾಯಾಧೀಶರ ಮುಂದೆ ನಿಲ್ಲಬೇಕಾಗಿತ್ತು.

ಆಪಾದಿತನ ಅಕ್ಕನ ಕೈಗೇ ಸಾಕ್ಷ್ಯವನ್ನು ಕೊಡುವುದು ಇನ್‌ಸ್ಪೆಕ್ಟರಿಗೂ ಸರಿಬಂದಿರಲಿಲ್ಲ. ಆದರೆ ಇಂಜೆಕ್ಟರನ್ನು ಅಳೆಯುವ ಯಂತ್ರ ಊರಿನಲ್ಲಿ ಇದ್ದದ್ದು ಒಂದೇ, ಅವಳ ಈ ಅಂಗಡಿಯಲ್ಲಿ. ಆದ್ದರಿಂದ ದೂರು ಕೊಟ್ಟವನನ್ನೇ ಎದುರಿಗೆ ಕೂರಿಸಿಕೊಂಡಿದ್ದರು. ಅವನು ಸತ್ತವರ ಅಳಿಯ: ಮೂವತ್ತೈದರ ಆಸುಪಾಸಿನವನು, ಇಸ್ತ್ರಿಯ ಅಂಗಿ, ಮಾತಿಗೊಮ್ಮೆ ಕನ್ನಡಕ ತೆಗೆದು ಒರೆಸಿಕೊಳ್ಳುವ ಚಾಳಿ.

ನಾಲ್ಕನೆಯವರು ಅಕ್ಕನ ಅತ್ತೆ. ಯಂತ್ರದೊಳಗಿನ ಗಡಿಯಾರ ಕೆಟ್ಟು ಮೂರು ವರ್ಷಗಳಾಗಿದ್ದವು. ಅಂದಿನಿಂದ ಸ್ಟಾಪ್‌ವಾಚು ಹಿಡಿದು ಕೂರುವವರು ಅವರೇ. ಎಪ್ಪತ್ತೊಂದು ವರ್ಷ, ಮೊಣಕಾಲು ಬಗ್ಗದು, ನಾಲಿಗೆಯಂತೂ ಮೊದಲೇ ಬಗ್ಗದು.

"ಏನಪ್ಪಾ ಇನ್‌ಸ್ಪೆಕ್ಟರಪ್ಪ, ನಿಂತೇ ಇದ್ದೀಯಲ್ಲ? ಕೂತ್ಕೋ. ನಿಂತ್ಕೊಂಡ್ರೆ ನಿಜ ಬೇಗ ಬರಲ್ಲ."

"ಇರಲಿ ಅಜ್ಜಿ. ನೀವು ಗಡಿಯಾರ ನೋಡ್ಕೊಳ್ಳಿ."

"ಗಡಿಯಾರ ನನ್ನ ನೋಡ್ಕೊಂಡು ಕಲೀಬೇಕು. ನೀನು ನಿನ್ನ ಕೆಲಸ ನೋಡು."

ಅಕ್ಕ ಮಲ್ಟಿಮೀಟರಿನ ಎರಡು ಮುಳ್ಳುಗಳನ್ನು ಮೊದಲನೆಯ ಇಂಜೆಕ್ಟರಿನ ತಂತಿಗಳಿಗೆ ತಾಗಿಸಿದಳು. ಒಳಗಿನ ಸುರುಳಿ ಸುಟ್ಟಿದ್ದರೆ ಇಂಜೆಕ್ಟರು ಬಾಯಿ ತೆರೆಯುವುದೇ ಇಲ್ಲ. ಹನ್ನೆರಡು ಓಮ್ ಚಿಲ್ಲರೆ. ಎರಡನೆಯದು ಅಷ್ಟೇ. ಮೂರು, ನಾಲ್ಕು, ಅಷ್ಟೇ.

"ವಿದ್ಯುತ್ತಿನ ದೋಷ ಇಲ್ಲ. ಬರ್ಕೊಳ್ಳಿ ಸಾರ್."

ಬಳಿಕ ನಾಲ್ಕನ್ನೂ ಯಂತ್ರಕ್ಕೆ ಕಚ್ಚಿಸಿದಳು. ಪ್ರತಿಯೊಂದರ ಕೆಳಗೆ ಒಂದು ಗಾಜಿನ ಕೊಳವೆ, ಕೊಳವೆಯ ಮೈಮೇಲೆ ಮಿಲಿಲೀಟರಿನ ಗೀಟುಗಳು. ಹದಿನೇಳು ದಿನಗಳ ಹಿಂದೆ, ಫೆಬ್ರವರಿ ಇಪ್ಪತ್ತೆಂಟರಂದು ತೊಳೆದು ಮುಗಿಸಿದ ಮೇಲೆ, ಇದೇ ಯಂತ್ರದಲ್ಲಿ, ಮೂವತ್ತು ಸೆಕೆಂಡಿಗೆ ಅವು ಕೊಟ್ಟದ್ದು ಐವತ್ತೆರಡು, ಐವತ್ತೊಂದು, ಐವತ್ತೆರಡು, ಐವತ್ತೆರಡು. ತಮ್ಮ ಅದನ್ನು ಬರೆದ ಚೀಟಿಯ ಕೆಳಗೆ ಯಜಮಾನರ ಸಹಿಯೂ ಇತ್ತು.

"ಅತ್ತೇ, ಮೂವತ್ತು."

"ಮೂವತ್ತು. ಹೂಂ, ಬಿಡು."

ಯಂತ್ರ ಟಿಕಟಿಕಿಸಿತು. ನಾಲ್ಕು ಬಾಯಿಗಳಿಂದ ದ್ರವ ಇಳಿಯಿತು. ಇಳಿದದ್ದು ಮಂಜಿನಂತಲ್ಲ, ಮುದುಕನ ಜೊಲ್ಲಿನಂತೆ ಎಳೆ ಎಳೆಯಾಗಿ.

"ನಿಲ್ಲಿಸು!"

ಇಪ್ಪತ್ತೊಂದು. ಇಪ್ಪತ್ಮೂರು. ಇಪ್ಪತ್ತು. ಇಪ್ಪತ್ತೆರಡು.

ಅಕ್ಕ ಎರಡು ಸಾಲುಗಳನ್ನು ಕೂಡಿದಳು. ಅಂದು ಇನ್ನೂರೇಳು, ಇಂದು ಎಂಬತ್ತಾರು. ನೂರಕ್ಕೆ ಐವತ್ತೆಂಟಕ್ಕಿಂತ ಹೆಚ್ಚು ಪಾಲು ಕಡಿಮೆ. ನಿಂತಲ್ಲೇ ಉಸಿರಾಡುವ ಎಂಜಿನ್ನಿಗೆ ಇಷ್ಟು ಪೆಟ್ರೋಲು ಧಾರಾಳವಾಗಿ ಸಾಕು. ಸೇತುವೆಯ ಏರು ಹತ್ತುವ ಎಂಜಿನ್ನಿಗೆ ಸಾಲದು. ಕಾರು ನಿಂತದ್ದು ಇದರಿಂದಲೇ. ಅದರಲ್ಲಿ ಅವಳಿಗೆ ಅನುಮಾನ ಉಳಿಯಲಿಲ್ಲ.

ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಸರಕಾರಿ ತಜ್ಞರು ಬರೆದದ್ದೂ ಇದೇ ಅಲ್ವೇನಮ್ಮ? ಟ್ಯಾಂಕಿನ ತುಕ್ಕು ಬಂದು ಕಟ್ಟಿಕೊಂಡಿದೆ, ಸರಿಯಾಗಿ ತೊಳೆದಿಲ್ಲ, ಅಂತ."

"ಅವರು ಬರೀ ಕಣ್ಣಲ್ಲಿ ನೋಡಿ ಬರೆದ್ರು."

"ನೀವು ಅಳೆದು ನೋಡಿದ್ರಿ. ಉತ್ತರ ಒಂದೇ ಬಂತು."

ಅಳಿಯ ಕನ್ನಡಕ ಒರೆಸಿಕೊಳ್ಳುತ್ತಾ ಬಾಯಿ ತೆರೆದ. "ಸಾಕು ಬಿಡಿ ಸಾರ್. ಹೋದವರು ವಾಪಸ್ ಬರ್ತಾರಾ? ಹುಡುಗ ಬೇಕೂಂತ ಮಾಡಿಲ್ಲ, ಉದಾಸೀನ ಮಾಡಿದ. ನಮಗೆ ಅವನ ಮೇಲೆ ಹಗೆ ಇಲ್ಲ ಅಂತ ಕೋರ್ಟಲ್ಲಿ ನಾನೇ ಹೇಳ್ತೀನಿ."

"ನೋಡಿದ್ರಾ," ಎಂದರು ಇನ್‌ಸ್ಪೆಕ್ಟರು. ಅವರ ದನಿ ಮೆತ್ತಗಾಗಿತ್ತು. "ಇಷ್ಟಕ್ಕೇ ನಿಲ್ಲಿಸಿದ್ರೆ ನಿರ್ಲಕ್ಷ್ಯ ಅಂತ ಆಗುತ್ತೆ. ಇವತ್ತೇ ಜಾಮೀನು ಸಿಗುತ್ತೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಯೋಚನೆ ಮಾಡಿ."

ಅಕ್ಕ ಯೋಚಿಸಿದಳು. ನಿರ್ಲಕ್ಷ್ಯವೆಂದರೆ ಜಾಮೀನು, ಸಂಜೆಯ ಹೊತ್ತಿಗೆ ತಮ್ಮ ಮನೆಯಲ್ಲಿ. ಆದರೆ ಆ ಚೀಟಿಯಲ್ಲಿದ್ದ ಇನ್ನೂರೇಳು ಸುಳ್ಳಲ್ಲ. ಅಂದು ಕೊಳವೆಗೆ ಕಣ್ಣಿಟ್ಟು ಎರಡು ಸಲ ಓದಿದವಳು ಅವಳೇ. ತೊಳೆದದ್ದು ಸರಿಯಿತ್ತು. ಸರಿಯಿದ್ದದ್ದನ್ನು ಸರಿಯಿರಲಿಲ್ಲವೆಂದು ಒಪ್ಪಿಕೊಂಡರೆ, ಆ ಹುಡುಗ ಬದುಕಿರುವತನಕ ಒಂದು ಸಾವನ್ನು ಹೊತ್ತು ತಿರುಗಬೇಕು.

"ಎಷ್ಟು ನಿಮಿಷ ಉಳಿದಿದೆ ಅತ್ತೆ?"

"ಮೂವತ್ತೊಂಬತ್ತು. ಮಾತಾಡಿಯೇ ಆರು ಹಾಳು ಮಾಡಿದ್ರು ಈ ಗಂಡಸರು."

"ಹಾಗಾದ್ರೆ ಮುಂದಕ್ಕೆ ಹೋಗೋಣ," ಎಂದಳು ಅಕ್ಕ.

ಅವಳು ನಾಲ್ಕನ್ನೂ ಯಂತ್ರದಿಂದ ಬಿಚ್ಚಿ, ಪೆಟ್ರೋಲು ಒಳಹೋಗುವ ಬಾಯಿ ಮೇಲಾಗುವಂತೆ ಮೇಜಿನ ಮೇಲೆ ನಿಲ್ಲಿಸಿ, ದೀಪವನ್ನು ಹತ್ತಿರಕ್ಕೆ ಎಳೆದಳು. ಪ್ರತಿಯೊಂದರ ಬಾಯಿಯಲ್ಲೂ ಅಕ್ಕಿಕಾಳಿನಷ್ಟು ಚಿಕ್ಕದೊಂದು ಜರಡಿ ಕೂತಿರುತ್ತದೆ. ಟ್ಯಾಂಕಿನಿಂದ ಕಸ ಬಂದರೆ ಮೊದಲು ಸಿಕ್ಕಿಬೀಳಬೇಕಾದದ್ದು ಅದರಲ್ಲಿ.

"ಬನ್ನಿ ಸಾರ್, ಬಗ್ಗಿ ನೋಡಿ. ಜರಡಿ ಮೇಲೆ ಏನಾದ್ರೂ ಇದೆಯಾ?"

ಇನ್‌ಸ್ಪೆಕ್ಟರು ಬಗ್ಗಿದರು. ಒಂದಾದ ಮೇಲೊಂದರಂತೆ ನಾಲ್ಕನ್ನೂ ನೋಡಿದರು. "ಏನೂ ಇಲ್ಲ. ತೊಳೆದಿಟ್ಟ ಹಾಗಿದೆ."

"ಹಿಟ್ಟಲ್ಲಿ ಕಲ್ಲು ಸಿಕ್ತು ಅಂತ ಇಟ್ಕೊಳ್ಳಿ. ಜರಡೀಲಿ ಒಂದು ಕಾಳೂ ನಿಂತಿಲ್ಲ. ಏನರ್ಥ?"

ಉತ್ತರ ಬಂದದ್ದು ಅತ್ತೆಯಿಂದ. "ಜರಡಿ ಹಿಡಿದಾದ ಮೇಲೆ ಯಾರೋ ಕಲ್ಲು ಹಾಕಿದ್ದಾರೆ ಅಂತ. ಇದಕ್ಕೆ ಪೊಲೀಸು ಬೇಕಾ?"

ಅಕ್ಕ ತೆಳ್ಳನೆಯ ತಿರುಪೊಂದನ್ನು ತೆಗೆದುಕೊಂಡಳು. ಜರಡಿಯನ್ನು ಕೀಳುವ ಕ್ರಮವೇ ಅದು: ಅದರ ಬಳೆಯೊಳಕ್ಕೆ ತಿರುಪನ್ನು ಕಚ್ಚಿಸಿ, ಇಕ್ಕಳದಿಂದ ಮೇಲಕ್ಕೆ ಎಳೆಯಬೇಕು. ಕಿತ್ತ ಜರಡಿ ಕಸದ ಬುಟ್ಟಿಗೆ. ಅದರ ಜಾಗಕ್ಕೆ ಹೊಸದು. ಕಿತ್ತದ್ದನ್ನು ಮತ್ತೆ ಕೂರಿಸುವ ಕಸುಬುದಾರ ಈ ಲೋಕದಲ್ಲಿಲ್ಲ. ಬಳೆ ಒಮ್ಮೆ ಗೀರುಬಿದ್ದರೆ ಬಿಗಿ ಹಿಡಿಯುವುದಿಲ್ಲ.

ಅತಿ ಕಡಿಮೆ ಕೊಟ್ಟದ್ದು ಮೂರನೆಯದು. ಅವಳು ಅದರಿಂದಲೇ ಪ್ರಾರಂಭಿಸಿದಳು. ತಿರುಪು ಹಟಹಿಡಿದು, ಕರಕರ ಕಚ್ಚಿಕೊಂಡು ಇಳಿಯಿತು. ಜರಡಿ ಕಿತ್ತು ಬಂತು. ಇಂಜೆಕ್ಟರನ್ನು ತಲೆಕೆಳಗು ಮಾಡಿ, ಉಗುಳುವ ತುದಿಯಿಂದ ದ್ರವವನ್ನು ಹಿಮ್ಮುಖವಾಗಿ ಒತ್ತಿದಳು. ಕೆಳಗೆ ಹಾಸಿದ ಬಿಳಿಯ ಬಟ್ಟೆಯ ಮೇಲೆ ಸಾಸಿವೆಯಷ್ಟು ದೊಡ್ಡ ಕೆಂಪು ಮುದ್ದೆಯೊಂದು ಬಿತ್ತು.

"ತುಕ್ಕೇ ತಾನೇ?" ಎಂದರು ಇನ್‌ಸ್ಪೆಕ್ಟರು.

ಅಕ್ಕ ಡ್ರಾಯರಿನಿಂದ ಅಯಸ್ಕಾಂತವನ್ನು ತೆಗೆದು, ಹಳೆಯ ಟ್ಯಾಂಕೊಂದರಿಂದ ಕೆರೆದಿಟ್ಟ ತುಕ್ಕಿನ ಡಬ್ಬಿಗೆ ಹಿಡಿದಳು. ತುಕ್ಕಿನ ಹರಳುಗಳು ಎದ್ದು ಅಂಟಿಕೊಂಡವು. ಒರೆಸಿ, ಅದನ್ನೇ ಬಟ್ಟೆಯ ಮೇಲಿನ ಕೆಂಪಿಗೆ ಹಿಡಿದಳು. ಕೆಂಪು ಮಿಸುಕಲಿಲ್ಲ. ಬೆರಳಲ್ಲಿ ಹೊಸಕಿದಳು: ನುಣುಪು, ಜಿಡ್ಡು.

"ಇದು ಟ್ಯಾಂಕಿನದಲ್ಲ. ಯಾವುದೋ ಪುಡಿ. ಗ್ರೀಸಲ್ಲಿ ಕಲಸಿ ತುಂಬಿದ್ದಾರೆ. ಗ್ರೀಸು ಪೆಟ್ರೋಲಲ್ಲಿ ನಿಧಾನಕ್ಕೆ ಕರಗುತ್ತೆ, ಆಮೇಲೆ ಪುಡಿ ಜಾರಿ ಹೋಗಿ ಬಾಯಿಗೆ ಕೂತ್ಕೊಳ್ಳುತ್ತೆ. ಕಾರು ಮನೆಯಿಂದ ಹೊರಟಿದ್ದು ಎಷ್ಟು ಹೊತ್ತಿಗೆ?"

"ಎಂಟು ಹತ್ತಕ್ಕೆ," ಎಂದ ಅಳಿಯ. "ಎಂಟು ಹದಿನಾರಕ್ಕೆ ಸೇತುವೆ ಮೇಲೆ…" ಮಾತು ಅರ್ಧಕ್ಕೇ ನಿಂತಿತು. ಅವನು ಬಟ್ಟೆಯನ್ನೇ ನೋಡುತ್ತಿದ್ದ.

"ಈ ಪುಡಿ ನಿಮಗೆ ಗೊತ್ತು," ಎಂದಳು ಅಕ್ಕ.

"ಗೊತ್ತು. ಗಾಜಿಗೆ ಹೊಳಪು ಕೊಡೋ ಪುಡಿ. ನಮ್ಮ ಕಾರ್ಖಾನೇಲಿ ಮೂಟೆಗಟ್ಟಲೆ ಇದೆ. ನಲವತ್ತು ಜನ ದಿನಾ ಅದರಲ್ಲೇ ಕೈ ಅದ್ದುತ್ತಾರೆ. ಅದಕ್ಕೇನೀಗ?"

"ಅದಕ್ಕೇನೂ ಇಲ್ಲ. ಕೇಳಿದೆ, ಹೇಳಿದ್ರಿ."

"ಕುಂಬಳಕಾಯಿ ಕಳ್ಳ ಅಂದ್ರೆ…" ಎಂದು ಪ್ರಾರಂಭಿಸಿದರು ಅತ್ತೆ.

"ಅಜ್ಜೀ, ನಾನು ಹೆಗಲು ಮುಟ್ಟಿ ನೋಡ್ಕೊಂಡಿಲ್ಲ!"

"ನಾನೆಲ್ಲಿ ಅಂದೆ ಹಾಗಂತ? ನೀನೇ ಗಾದೆ ಪೂರ್ತಿ ಮಾಡಿದೆ."

ಇನ್‌ಸ್ಪೆಕ್ಟರು ನಗಲಿಲ್ಲ. ಅವರು ಕುರ್ಚಿಯನ್ನು ಎಳೆದು, ಬಂದಾಗಿನಿಂದ ಮೊದಲ ಸಲ ಕೂತರು. ಪೆನ್ನಿನ ಮುಚ್ಚಳವನ್ನು ಮತ್ತೆ ತೆಗೆದರು.

"ಅಮ್ಮಾ, ನೀವು ಏನು ಮಾಡಿದ್ರಿ ಅಂತ ನಿಮಗೆ ಅರ್ಥ ಆಯ್ತಾ? ಇದು ನಿರ್ಲಕ್ಷ್ಯ ಅಲ್ಲ ಅಂತ ನೀವೇ ತೋರಿಸಿಬಿಟ್ರಿ. ಇದು ಕೊಲೆ. ಇಂಜೆಕ್ಟರು ಬಿಚ್ಚಿ, ಜರಡಿ ಕಿತ್ತು, ಒಳಗೆ ತುಂಬಿ, ಮತ್ತೆ ಮುಚ್ಚೋಕೆ ಈ ಊರಲ್ಲಿ ಎಷ್ಟು ಜನಕ್ಕೆ ಬರುತ್ತೆ?"

"ಇಬ್ಬರಿಗೆ."

"ಯಾರ್ಯಾರು?"

"ನನಗೆ. ನನ್ನ ತಮ್ಮನಿಗೆ."

"ಅವನು ಆ ಕಾರಲ್ಲಿ ಕೈಯಿಟ್ಟಿದ್ದು ಘಟನೆಗೆ ಐದೇ ದಿನ ಮುಂಚೆ. ಈಗ ಜಾಮೀನೂ ಇಲ್ಲ ಏನೂ ಇಲ್ಲ. ನಾನು ಹಗ್ಗ ಸಡಿಲ ಬಿಟ್ಟಿದ್ದೆ. ನೀವೇ ಎಳೆದು ಬಿಗಿ ಮಾಡಿದ್ರಿ."

ಅಕ್ಕನ ಕೈ ಒಂದು ಗಳಿಗೆ ನಿಂತಿತು. ಒಂದೇ ಗಳಿಗೆ. ಲೆಕ್ಕ ಅರ್ಧಕ್ಕೆ ಬಿಟ್ಟರೆ ಉತ್ತರ ತಪ್ಪಾಗಿ ಕಾಣುತ್ತದೆ. ಅದಕ್ಕೆ ಮದ್ದು ಸ್ಲೇಟು ಒರೆಸುವುದಲ್ಲ, ಲೆಕ್ಕ ಮುಗಿಸುವುದು. ಅವಳು ತಿರುಪನ್ನು ಮತ್ತೆ ಕೈಗೆತ್ತಿಕೊಂಡಳು.

"ಎರಡನೇದನ್ನೂ ತೆಗೀತೀನಿ. ಒಂದು, ನಾಲ್ಕು ಮುಟ್ಟಲ್ಲ, ಅವು ಪ್ರಯೋಗಾಲಯಕ್ಕೆ ಇರಲಿ."

"ಇನ್ನೇನು ಉಳಿದಿದೆ ತೆಗೆಯೋಕೆ?" ಎಂದ ಅಳಿಯ, ಅಸಹನೆಯಿಂದ.

ತಿರುಪು ಎರಡನೆಯ ಇಂಜೆಕ್ಟರಿನ ಬಾಯೊಳಗೆ ಇಳಿಯುತ್ತಿತ್ತು. ಇಳಿಯುತ್ತಿತ್ತೇನು, ಜಾರುತ್ತಿತ್ತು. ಬೆಣ್ಣೆಗೆ ಚುಚ್ಚಿದಂತೆ, ಒಂದಿಷ್ಟೂ ಕಚ್ಚದೆ.

ಅವಳು ಕೈ ತಡೆದಳು. ತಿರುಪನ್ನು ಹಿಂದಕ್ಕೆ ತಿರುಗಿಸಿ ತೆಗೆದಳು. ಕಣ್ಣಿಗೆ ಭೂತಗನ್ನಡಿ ಹಿಡಿದು ಒಳಗೆ ನೋಡಿದಳು. ಮೊದಲ ಸಲ ಅವಳು ನೋಡಿದ್ದು ಜರಡಿಯ ಮೇಲೆ ಕಸವಿದೆಯೇ ಎಂದು. ಜರಡಿಯ ಬಳೆಯನ್ನು ನೋಡಿರಲಿಲ್ಲ. ಈಗ ನೋಡಿದಳು. ಬಳೆಯ ಒಳಮೈ ತುಂಬ ಸುತ್ತುಸುತ್ತಾದ ಗೀರು. ಆ ಗೀರನ್ನು ಅವಳ ತಿರುಪು ಕೊರೆದಿರಲಿಲ್ಲ; ಅದು ಬೇರೊಂದು ತಿರುಪು ಮೊದಲೇ ಕೊರೆದಿಟ್ಟ ದಾರಿಯಲ್ಲಿ ಸುಮ್ಮನೆ ನಡೆದುಹೋಗಿತ್ತು.

ಒಂದನೆಯದರಲ್ಲೂ ಗೀರು. ನಾಲ್ಕನೆಯದರಲ್ಲೂ ಗೀರು.

"ಸಾರ್, ಇಲ್ಲಿ ನೋಡಿ. ಇವು ಮೂರೂ ಒಮ್ಮೆ ಕಿತ್ತು ಮತ್ತೆ ಕೂರಿಸಿದ ಜರಡಿಗಳು."

"ಅಂದ್ರೆ?"

"ನನ್ನ ತಮ್ಮನ ಮಗ್ಗುಲಲ್ಲೇ ಹೊಸ ಜರಡಿಗಳ ಡಬ್ಬಿ ಇರುತ್ತೆ. ಕಿತ್ತದ್ದನ್ನ ಅವನು ಯಾಕೆ ಮತ್ತೆ ಕೂರಿಸ್ತಾನೆ? ಹಳೇದು ಕೂರಿಸಿದ್ರೆ ಹಿಡಿಯಲ್ಲ ಅನ್ನೋದು ಈ ಕಸುಬಿನ ಮೊದಲ ಪಾಠ. ಇದನ್ನ ಮಾಡಿದವರಿಗೆ ಕೀಳೋದು ಗೊತ್ತು, ಬಿಸಾಡಬೇಕು ಅನ್ನೋದು ಗೊತ್ತಿಲ್ಲ. ಕೆಲಸ ನೋಡಿದ್ದಾರೆ. ಕಲಿತಿಲ್ಲ."

"ಯಾರು ನೋಡಿದ್ದಾರೆ?"

ಅಕ್ಕ ತಲೆಯೆತ್ತಿ ಅಳಿಯನನ್ನು ನೇರವಾಗಿ ನೋಡಿದಳು.

"ಸಾಮಾನ್ಯಕ್ಕೆ ಗಿರಾಕಿಗಳು ಕೀಲಿಕೈ ಕೊಟ್ಟು ಪೇಟೆಗೆ ಹೋಗ್ತಾರೆ. ಫೆಬ್ರವರಿ ಇಪ್ಪತ್ತೆಂಟಕ್ಕೆ ಇಬ್ಬರು ಹೋಗಲಿಲ್ಲ. ಈ ಸ್ಟೂಲುಗಳ ಮೇಲೆ ಎರಡು ಗಂಟೆ ಹೊತ್ತು ಕೂತು ಒಂದೊಂದೂ ಕೇಳಿ ಕೇಳಿ ನೋಡಿದ್ರು. ಒಬ್ಬರು ಯಜಮಾನರು. ಇನ್ನೊಬ್ಬರು ನೀವು."

ಅಳಿಯ ಎದ್ದು ನಿಂತ. ಸ್ಟೂಲು ಹಿಂದಕ್ಕೆ ಬಿತ್ತು.

"ನೋಡಿದವರೆಲ್ಲ ಕಲಿತುಬಿಟ್ರೆ ನಿಮ್ಮಂಥವರಿಗೆ ಅಂಗಡಿ ಯಾಕೆ ಬೇಕು? ತಮ್ಮನ್ನ ಉಳಿಸ್ಕೊಳ್ಳೋಕೆ ನನ್ನ ತಲೆಗೆ ಕಟ್ತಿದ್ದೀರಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆಯಾ?"

"ಎಮ್ಮೆಗೆ ಜ್ವರ ಇದೆಯೋ ಇಲ್ಲವೋ ನೋಡ್ತಿದ್ದೀನಿ ಅಷ್ಟೇ. ಇನ್ನೂ ಬರೆ ಹಾಕಿಲ್ಲ."

"ನಾನು ಮಾವನವರ ಅನ್ನ ತಿಂದವನು!"

"ನಿಮ್ಮ ಕೈ ನೋಡಿದ್ರೆ ಗ್ರೀಸು ಮುಟ್ಟಿದವರ ಹಾಗೆ ಕಾಣಲ್ಲ. ಅದೂ ನಿಜ. ಕೂತ್ಕೊಳ್ಳಿ."

ಅವನು ಕೂರಲಿಲ್ಲ. ಇನ್‌ಸ್ಪೆಕ್ಟರು ಬಾಗಿಲಿನ ಕಡೆಗೆ ಒಮ್ಮೆ ನೋಡಿದರು. ಹೊರಗಿದ್ದ ಪೇದೆ ಹೊಸ್ತಿಲಿಗೆ ಬಂದು ನಿಂತ. ಅಳಿಯ ಬಿದ್ದ ಸ್ಟೂಲನ್ನು ತಾನೇ ಎತ್ತಿ ನಿಲ್ಲಿಸಿ ಕೂತ.

"ಮೂರರಲ್ಲಿ ಗೀರು ಅಂದ್ರಿ," ಎಂದರು ಇನ್‌ಸ್ಪೆಕ್ಟರು. "ಇದ್ದದ್ದು ನಾಲ್ಕು."

ಲೆಕ್ಕ ತಪ್ಪದ ಮನುಷ್ಯ. ಅಕ್ಕನಿಗೆ ಅವರ ಬಗ್ಗೆ ಆ ದಿನ ಮೊದಲ ಸಲ ಗೌರವ ಮೂಡಿತು.

"ಅದನ್ನೇ ಹೇಳೋಕೆ ಹೊರಟೆ. ಮೂರನೇದನ್ನ ನಾನು ಮೊದಲು ಕಿತ್ತೆ. ಅದು ಕಚ್ಕೊಂಡು ಬಂತು. ಅಂದ್ರೆ ಅದಕ್ಕೆ ಬೇರೆ ತಿರುಪು ಮುಂಚೆ ಇಳಿದಿರಲಿಲ್ಲ. ಹೊಸದು. ಅವರ ಕೈಯಲ್ಲಿ ಕೀಳುವಾಗ ಒಂದು ಮುರಿದಿರಬೇಕು. ಆಗ ಒಂದು ಬೇಕಾಯ್ತು. ಒಂದೇ ಒಂದು."

"ಎಲ್ಲಿ ಸಿಗುತ್ತೆ ಅದು?"

"ಈ ಅಳತೇದು ಊರಲ್ಲಿ ಬೇರೆಲ್ಲೂ ಇಲ್ಲ. ನಾವು ಪಾರ್ಸೆಲ್ಲಲ್ಲಿ ತರಿಸ್ತೀವಿ. ನೂರರ ಡಬ್ಬಿ."

"ಡಬ್ಬಿ ತನ್ನಿ."

ಅಕ್ಕ ಡಬ್ಬಿಯನ್ನೂ ಕೆಲಸದ ಪುಸ್ತಕವನ್ನೂ ತಂದಳು. ಡಬ್ಬಿ ತೆರೆದ ದಿನದಿಂದ ಬಂದ ಕಾರುಗಳನ್ನು ಬೆರಳಿಟ್ಟು ಓದಿದಳು. ನಾಲ್ಕು ಇಂಜೆಕ್ಟರಿನವು ಹದಿನಾರು, ಅರವತ್ನಾಲ್ಕು ಜರಡಿ. ಮೂರು ಇಂಜೆಕ್ಟರಿನವು ಎರಡು, ಆರು ಜರಡಿ. ಒಟ್ಟು ಎಪ್ಪತ್ತು. ನೂರರಲ್ಲಿ ಎಪ್ಪತ್ತು ಕಳೆದರೆ ಮೂವತ್ತು.

ಡಬ್ಬಿಯನ್ನು ಬಿಳಿಯ ಬಟ್ಟೆಯ ಮೇಲೆ ಸುರಿದು ಎಣಿಸಿದಳು. ಐದೈದರ ಗುಂಪು ಮಾಡಿದಳು. ಐದು ಗುಂಪು ಪೂರ್ತಿ. ಆರನೆಯ ಗುಂಪಿನಲ್ಲಿ ನಾಲ್ಕು.

ಇನ್‌ಸ್ಪೆಕ್ಟರು ತಾವೇ ಮತ್ತೊಮ್ಮೆ ಎಣಿಸಿದರು. ಇಪ್ಪತ್ತೊಂಬತ್ತು.

"ಒಂದು ಕಡಿಮೆ," ಎಂದರು. ಅವರ ಮುಖದಲ್ಲಿ ಗೆಲುವಿರಲಿಲ್ಲ, ಆಯಾಸವಿತ್ತು. "ಅಮ್ಮಾ, ನೀವು ಮತ್ತೆ ನಿಮ್ಮ ಮನೆಗೇ ಬಂದು ನಿಂತ್ರಿ. ಈ ಡಬ್ಬಿಗೆ ಕೈ ಹಾಕೋರು ಯಾರು? ನೀವು, ಇಲ್ಲ ನಿಮ್ಮ ತಮ್ಮ. ನೀವು ತೆಗೆದ್ರಾ?"

"ಇಲ್ಲ."

"ಹಾಗಾದ್ರೆ ಅವನು ತೆಗೆದ. ಹಳೇದನ್ನ ಕೂರಿಸಿದ್ದು ನಮ್ಮ ದಾರಿ ತಪ್ಪಿಸೋಕೆ. ಒಂದು ಮುರೀತು, ಹೊಸದು ಹಾಕಿದ. ಹೀಗಲ್ಲ ಅಂತ ತೋರಿಸಿ ನೋಡೋಣ."

ತೋರಿಸಲು ಅವಳ ಬಳಿ ಏನೂ ಇರಲಿಲ್ಲ. ಹನ್ನೊಂದಕ್ಕೆ ಹದಿನೈದು ನಿಮಿಷ. ಪುಸ್ತಕದಲ್ಲಿ ಇಲ್ಲ, ಡಬ್ಬಿಯಲ್ಲಿ ಇಲ್ಲ. ಅವಳು ತಮ್ಮನ ಕೈಬರಹವನ್ನೇ ಸಾಲು ಸಾಲಾಗಿ ಮತ್ತೆ ಓದಿದಳು. ಮಾರ್ಚ್ ಒಂದು. ಎರಡು. ಮೂರು. ನಾಲ್ಕನೆಯ ತಾರೀಕು ಖಾಲಿ. ಅಂದು ಅವಳೂ ತಮ್ಮನೂ ಪಾರ್ಸೆಲ್ ಬಿಡಿಸಿಕೊಳ್ಳಲು ಹೋಗಿದ್ದರು.

"ಅತ್ತೆ," ಎಂದಳು ನಿಧಾನವಾಗಿ. "ನಾಲ್ಕನೇ ತಾರೀಕು, ಬುಧವಾರ, ಅಂಗಡೀಲಿ ನೀವೊಬ್ರೇ ಇದ್ರಲ್ಲ?"

ಅತ್ತೆ ಸ್ಟಾಪ್‌ವಾಚನ್ನು ಸೆರಗಿನಿಂದ ಒರೆಸುತ್ತಿದ್ದರು. ಒರೆಸುವಂಥದು ಅದರ ಮೇಲೆ ಏನೂ ಇರಲಿಲ್ಲ.

"ಅತ್ತೇ?"

"ಕೇಳಿಸ್ತು ಕಣೇ. ಕಿವಿ ಹೋಗಿಲ್ಲ."

"ಯಾರಾದ್ರೂ ಬಂದಿದ್ರಾ?"

"ಮಾತು ಕೊಟ್ಟಿದ್ದೀನಿ."

"ಯಾರಿಗೆ?"

"ಯಾರಿಗೆ ಅಂತ ಹೇಳಿದ್ರೆ ಕೊಟ್ಟ ಮಾತು ಉಳಿಯುತ್ತಾ? ಹನ್ನೆರಡು ದಿನದಿಂದ ಗಂಟಲಲ್ಲಿ ಮುಳ್ಳು ಇಟ್ಕೊಂಡಿದ್ದೀನಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದ್ಕೊಂಡಿದ್ದೆ. ಈ ಜರಡಿ ವಿಷಯ ನೀನು ಈಗ ತಾನೇ ಬಾಯಿಬಿಟ್ಟೆ."

"ಅಜ್ಜಿ," ಎಂದರು ಇನ್‌ಸ್ಪೆಕ್ಟರು, "ಮೂರು ಗಂಟೆಗೆ ಆ ಹುಡುಗನ ಮೇಲೆ ಕೊಲೆ ಅಂತ ಬರೀಬೇಕಾಗುತ್ತೆ."

ಅತ್ತೆ ಸೊಸೆಯ ಮುಖ ನೋಡಿದರು. ಆ ಮನೆಯಲ್ಲಿ ಹತ್ತೊಂಬತ್ತು ವರ್ಷ ಅತ್ತೆ ಸೊಸೆ ಒಬ್ಬರ ಮಾತಿಗೊಬ್ಬರು ಸೋತದ್ದಿಲ್ಲ. ಈಗ ಸೊಸೆ ಮಾತೇ ಆಡಲಿಲ್ಲ.

"ಒಂದು ನಾನೇ ಕೊಟ್ಟೆ," ಎಂದರು ಅತ್ತೆ. "ಬುಧವಾರ, ನಾಲ್ಕೂವರೆ ಹೊತ್ತಿಗೆ. ಬೆಂಕಿಪೊಟ್ಟಣದಲ್ಲಿ ಮುರಿದಿದ್ದು ಒಂದು ಇಟ್ಕೊಂಡು ಬಂದಿದ್ರು. 'ಇಂಥದೇ ಒಂದು ಕೊಡೀಮ್ಮ. ಕಾರಲ್ಲಿ ನಾನೇ ಕೈಯಾಡಿಸಿದೆ ಅಂತ ಹುಡುಗನಿಗೆ ಗೊತ್ತಾದ್ರೆ ನೊಂದ್ಕೋತಾನೆ, ಹೇಳಬೇಡಿ' ಅಂದ್ರು. ಎಷ್ಟು ವಿನಯ! ನನಗೇನು ಗೊತ್ತು? ಹೂಂ ಅಂದೆ."

"ಯಾರು?" ಎಂದರು ಇನ್‌ಸ್ಪೆಕ್ಟರು. ಅವರ ಕಣ್ಣು ಅಳಿಯನ ಮೇಲಿತ್ತು. ಅಕ್ಕನ ಕಣ್ಣೂ ಅಲ್ಲೇ ಇತ್ತು. ಅವನು ಸ್ಟೂಲಿನ ಅಂಚನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದ.

ಅತ್ತೆ ತಲೆಯಾಡಿಸಿದರು. "ಇವನಲ್ಲ. ಇವನ ಮಾವ."

ಹೊರಗೆ ಯಾವುದೋ ಗಾಡಿ ಸದ್ದು ಮಾಡುತ್ತ ಹೋಯಿತು.

"ಸತ್ತವರೇ?" ಎಂದರು ಇನ್‌ಸ್ಪೆಕ್ಟರು.

"ಬುಧವಾರ ಬದುಕಿದ್ರಪ್ಪ. ನನ್ನ ಎದುರಿಗೆ, ಈಗ ನೀನು ಕೂತಿದ್ದೀಯಲ್ಲ, ಅಲ್ಲೇ ನಿಂತಿದ್ರು. ನನ್ನ ಕನ್ನಡಕಕ್ಕೆ ಗಾಜು ಹಾಕಿಕೊಟ್ಟವರ ಮುಖ ನನಗೆ ತಪ್ಪುತ್ತಾ?"

ಅಕ್ಕನ ಮನಸ್ಸಿನಲ್ಲಿ ಲೆಕ್ಕ ತಾನಾಗಿಯೇ ಕೂಡಿಕೊಂಡಿತು. ಕೂದಲಿನಷ್ಟು ಗೀರನ್ನೂ ಬೆರಳ ತುದಿಯಲ್ಲಿ ಹಿಡಿಯುವ ಗಾಜು ಅರೆಯುವವನ ಕೈ. ಎರಡು ಗಂಟೆ ಕಣ್ಣು ಮಿಟುಕಿಸದೆ ನೋಡಿದ ತಾಳ್ಮೆ. ಅವರದೇ ಪುಡಿ. ಎಲ್ಲವೂ ಸರಿಹೋಗುತ್ತಿತ್ತು, ಒಂದನ್ನು ಬಿಟ್ಟು. ತಾನೇ ತೋಡಿದ ಗುಂಡಿಗೆ ಯಾರೂ ತಾನಾಗಿಯೇ ಹೋಗಿ ಇಳಿಯುವುದಿಲ್ಲ.

"ಗುರುವಾರ ಬೆಳಿಗ್ಗೆ ಆ ಕಾರು ಓಡಿಸಬೇಕಾಗಿದ್ದವರು ಯಾರು?" ಎಂದಳು.

ಅವಳು ಯಾರನ್ನು ಕೇಳಿದಳೆಂದು ಎಲ್ಲರಿಗೂ ತಿಳಿಯಿತು. ಅಳಿಯನ ಕನ್ನಡಕ ಕೈಯಲ್ಲೇ ಉಳಿದಿತ್ತು. ಒರೆಸುವುದನ್ನು ಅವನು ಮರೆತಿದ್ದ.

"ನಾನು," ಎಂದ. "ಗುರುವಾರ ಗುರುವಾರ ಎಂಟಕ್ಕೆ ನಾನೇ ಹೋಗೋದು, ಸೇತುವೆ ಆಚೆ ಗೋದಾಮಿಗೆ. ಎರಡು ವರ್ಷದಿಂದ ಒಂದು ವಾರವೂ ತಪ್ಪಿಲ್ಲ."

"ಮತ್ತೆ ಅವರು ಹೇಗೆ ಹೋದ್ರು?"

"ಕಾರು ಶುರು ಮಾಡಿದ್ದೆ. ಗೇಟಿನ ಹತ್ತಿರ ಓಡಿಬಂದ್ರು, ಬರಿಗಾಲಲ್ಲಿ. ಅವರು ಓಡಿದ್ದನ್ನ ನಾನು ಅವತ್ತೇ ಮೊದಲು ನೋಡಿದ್ದು. ಬಾಗಿಲು ತೆಗೆದು ನನ್ನ ತೋಳು ಹಿಡಿದು ಎಳೆದ್ರು." ಅವನ ದನಿ ತಗ್ಗಿತು. "'ಇಳಿ, ನಿನ್ನದು ಏನೂ ಬಾಕಿ ಇಲ್ಲ' ಅಂದ್ರು. ತಾವೇ ಕೂತು ಹೊರಟುಬಿಟ್ರು. ಈ ಮಾತು ನಾನು ನನ್ನ ಹೆಂಡತಿಗೂ ಹೇಳಿಲ್ಲ."

ಇನ್‌ಸ್ಪೆಕ್ಟರು ಬರೆಯುವುದನ್ನು ನಿಲ್ಲಿಸಿದ್ದರು.

"ನಿಮಗೆ ಅಂತ ತೋಡಿದ ಗುಂಡಿಗೆ ಗೊತ್ತಿದ್ದೇ ಅವರು ಇಳಿದ್ರು. ಹಾಗಾದ್ರೆ ಬುಧವಾರ ರಾತ್ರಿವರೆಗೆ ಏನೋ ಬಾಕಿ ಇತ್ತು," ಎಂದಳು ಅಕ್ಕ. "ನಿಮ್ಮ ಪ್ರಾಣಕ್ಕೆ ಸಮ ಅಂತ ಅವರು ಎಣಿಸಿದ್ದ ಬಾಕಿ. ಅದು ಏನು?"

ಅಳಿಯ ಕನ್ನಡಕ ಹಾಕಿಕೊಂಡು ಮುಖವನ್ನು ಬಾಗಿಲಿನ ಕಡೆಗೆ ತಿರುಗಿಸಿದ.

ಅಕ್ಕ ಸ್ಟೂಲೊಂದನ್ನು ಎಳೆದುಕೊಂಡು ಅವನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

"ಮೂರು ಗಂಟೆತನಕ ಸಮಯ ಇದೆ," ಎಂದಳು. "ನಾನು ಏಳಲ್ಲ. ಅತ್ತೆ ನಮ್ಮ ಮನೆಯವರು, ಅವರ ಮಾತೊಂದೇ ಕೋರ್ಟಿಗೆ ಸಾಲಲ್ಲ. ನನ್ನ ತಮ್ಮನ ಬಿಡುಗಡೆ ಈಗ ನಿಮ್ಮ ಬಾಯಲ್ಲಿದೆ. ಅಲ್ಲಿಯವರೆಗೆ ಆ ಉತ್ತರ ನೀವು ನನಗೆ ಕೊಡಬೇಕಾದ ಸಾಲ."